ಭುಜದಿಂದ ಭುಜಕ್ಕೆ ಒಂದು ಸುತ್ತು: ಕಲಬುರಗಿಯಲ್ಲಿ ಈಜುಡುಗೆ ಹೊಲಿದ ನನ್ನ ಅನುಭವ

ಈಜುಡುಗೆಯನ್ನು ಅಳತೆ ಕೊಟ್ಟು ಹೊಲಿಸಿಕೊಳ್ಳಬಹುದು ಎಂದರೆ ಕೆಲವು ವರ್ಷಗಳ ಹಿಂದೆ ಕಲಬುರಗಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಕಾರ್ಖಾನೆಯ ಕೆಲಸ, ಬ್ಲೌಸ್ ಹೊಲಿಯುವ ಕೈಗೆ ಒಗ್ಗುವುದಲ್ಲ ಎಂದು ಸೂಪರ್ ಮಾರ್ಕೆಟ್ ಕಡೆಯ ಹಿರಿಯ ದರ್ಜಿಯೊಬ್ಬರು ನನಗೆ ನೇರವಾಗಿಯೇ ಹೇಳಿದ್ದರು. ನಮ್ಮ ಊರಿನ ಹೆಣ್ಣುಮಕ್ಕಳು ಇಂಥದ್ದಕ್ಕೆ ಅಳತೆ ಕೊಡಲು ಬರುವುದೇ ಇಲ್ಲ ಎಂಬುದು ಮನೆಯವರ ಮಾತಾಗಿತ್ತು. ಈಗ ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರುವ ಹೊತ್ತಿಗೆ ನನ್ನ ಅಂಗಡಿಯಲ್ಲಿ ಬ್ಲೌಸಿನ ಕೆಲಸಕ್ಕಿಂತ ಈಜುಡುಗೆಯ ಕೆಲಸವೇ ಹೆಚ್ಚಾಗಿರುತ್ತದೆ, ಈಜುಕೊಳದಲ್ಲಿ ಮಹಿಳೆಯರಿಗೆಂದು ಬೆಳಗಿನ ಹೊತ್ತು ಮೀಸಲಿಟ್ಟ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಾನು ಹೊಲಿದದ್ದನ್ನೇ ತೊಡುತ್ತಾರೆ. ಆದ್ದರಿಂದ ಇದನ್ನು ಕೆಲಸ ಬಲ್ಲವರಿಗಾಗಿಯೇ ಬರೆಯುತ್ತಿದ್ದೇನೆ. ಡಾರ್ಟ್ ಎಂದರೇನು, ಪ್ರಿನ್ಸೆಸ್ ಕಟ್ ಹೇಗೆ ತೆಗೆಯಬೇಕು, ಓವರ್‌ಲಾಕ್ ಯಂತ್ರಕ್ಕೆ ದಾರ ಹೇಗೆ ಪೋಣಿಸಬೇಕು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಈ ಕೆಲಸಕ್ಕೆ ನಾನು ಕೈಹಾಕಿದ ಕಾರಣ ಸರಳವಾದದ್ದು. ನನ್ನಲ್ಲಿ ಬ್ಲೌಸ್ ಹೊಲಿಸುವ ಶಿಕ್ಷಕಿಯೊಬ್ಬರಿಗೆ ಮಂಡಿನೋವಿಗಾಗಿ ಈಜಲು ವೈದ್ಯರು ಹೇಳಿದ್ದರು. ಅವರು ಆನ್‌ಲೈನ್‌ನಲ್ಲಿ ಎರಡು ಉಡುಗೆ ತರಿಸಿದರು. ಎದೆ, ಸೊಂಟ, ನಿತಂಬದ ಅಳತೆಗಳು ಪಟ್ಟಿಯ ಪ್ರಕಾರ ಸರಿಯಾಗಿಯೇ ಇದ್ದವು. ತೊಟ್ಟಾಗ ಭುಜದ ಪಟ್ಟಿ ಮಾಂಸಕ್ಕೆ ಇಳಿಯಿತು, ಕೊರಳು ಕೆಳಗೆ ಜಗ್ಗಿತು, ಹೊಟ್ಟೆ ಎದ್ದು ಕಂಡಿತು. ಒಳಗಿನ ಚೀಟಿ ಕಿತ್ತರೆ ವಾಪಸ್ ಇಲ್ಲವೆಂಬ ಷರತ್ತಿನಿಂದಾಗಿ ಎರಡು ಸಾವಿರಕ್ಕೂ ಮೇಲ್ಪಟ್ಟ ಹಣ ಹೋಯಿತು. ತಮ್ಮ ಮೈಯೇ ಸರಿಯಿಲ್ಲ ಎಂದು ಅವರು ಹೇಳಿದಾಗ ನಾನು ಒಪ್ಪಲಿಲ್ಲ. ಇಪ್ಪತ್ತು ವರ್ಷಗಳಿಂದ ಅವರ ಮೈಗೆ ಬ್ಲೌಸ್ ಕೂರಿಸಿದವಳು ನಾನು. ದೋಷ ಬಟ್ಟೆಯ ಕಟಿಂಗ್‌ನಲ್ಲಿತ್ತು.

ಮೊದಲ ಉಡುಗೆಗಳನ್ನು ಲೆಗ್ಗಿಂಗ್ಸಿಗೆ ಬಳಸುವ ಹತ್ತಿ-ಲೈಕ್ರಾ ಬಟ್ಟೆಯಲ್ಲಿ ಹೊಲಿದೆ, ಏಕೆಂದರೆ ಇಲ್ಲಿ ಸುಲಭವಾಗಿ ಸಿಗುವ ಹಿಗ್ಗುವ ಬಟ್ಟೆ ಅದೊಂದೇ. ಒಣಗಿದ್ದಾಗ ಅಚ್ಚುಕಟ್ಟಾಗಿ ಕೂತವು. ನೀರಿಗಿಳಿದ ಕೂಡಲೇ ಹತ್ತಿ ನೀರು ಕುಡಿದು ಭಾರವಾಯಿತು, ನೂರಕ್ಕೆ ಐದರಷ್ಟು ಮಾತ್ರ ಇದ್ದ ಲೈಕ್ರಾ ಆ ಭಾರವನ್ನು ಹಿಡಿದಿಡಲಿಲ್ಲ, ಹಿಂಭಾಗ ಜೋತುಬಿತ್ತು. ಕೊಳದವರು ಹತ್ತಿ ಬಟ್ಟೆಯ ಎಳೆಗಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ತಕರಾರನ್ನೂ ತೆಗೆದರು, ಅದು ನ್ಯಾಯವಾದ ತಕರಾರು. ಆಮೇಲೆ ಕ್ರೀಡಾ ಟೀಶರ್ಟಿನ ತೆಳು ಪಾಲಿಯೆಸ್ಟರ್ ಪ್ರಯತ್ನಿಸಿದೆ, ಅದು ಒದ್ದೆಯಾದರೆ ಪಾರದರ್ಶಕವಾಗುತ್ತಿತ್ತು. ಹೊರಊರಿನ ವ್ಯಾಪಾರಿಯೊಬ್ಬರು ನಾಲ್ಕೂ ದಿಕ್ಕಿಗೆ ಹಿಗ್ಗುತ್ತದೆ ಎಂದು ಹೇಳಿ ಕಳಿಸಿದ ಥಾನು ಅಡ್ಡಕ್ಕೆ ಮಾತ್ರ ಹಿಗ್ಗುತ್ತಿತ್ತು. ಆ ಒಂದರಲ್ಲಿಯೇ ಸುಮಾರು ನಾಲ್ಕು ಸಾವಿರ ರೂಪಾಯಿ ಮುಳುಗಿತು. ಮೊದಲ ವರ್ಷದಲ್ಲಿ ಬಟ್ಟೆಯೊಂದರಲ್ಲೇ ಹನ್ನೆರಡು ಸಾವಿರದಷ್ಟು ಕೈಬಿಟ್ಟಿರಬೇಕು. ಕೊನೆಗೆ ಸಿಕಂದರಾಬಾದಿನ ಜನರಲ್ ಬಜಾರಿಗೆ ಹೋಗಿ, ಎಂಬತ್ತು ಭಾಗ ನೈಲಾನ್, ಇಪ್ಪತ್ತು ಭಾಗ ಸ್ಪ್ಯಾಂಡೆಕ್ಸ್ (ಲೈಕ್ರಾ ಎಂದರೂ ಅದೇ) ಇರುವ, 200 ಜಿಎಸ್ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಕದ ಆಸುಪಾಸಿನ ಬಟ್ಟೆಯನ್ನು ಕೈಯಲ್ಲಿ ಎಳೆದು, ಬಿಟ್ಟು, ಮತ್ತೆ ಎಳೆದು ಆರಿಸಿಕೊಂಡು ಬಂದೆ. ಎಳೆದು ಬಿಟ್ಟ ಕ್ಷಣದಲ್ಲೇ ಮೊದಲಿನ ಅಳತೆಗೆ ಮರಳದ ಬಟ್ಟೆಯನ್ನು, ಬೆಲೆ ಎಷ್ಟೇ ಕಡಿಮೆ ಇರಲಿ, ಮನೆಗೆ ತರಬಾರದು. ಈಗ ಯಾವ ಅಂಗಡಿಯಿಂದ ತರಿಸುತ್ತೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಟ್ಟೆ ಸರಿಹೋದ ಮೇಲೂ ಫಿಟ್ಟಿಂಗ್ ಸರಿಹೋಗಲಿಲ್ಲ. ಎದೆ, ಸೊಂಟ, ನಿತಂಬ ಮೂರೂ ಅಳತೆಗಳು ಒಂದೇ ಆಗಿದ್ದ ಇಬ್ಬರಿಗೆ ಒಂದೇ ಕಟಿಂಗ್‌ನಲ್ಲಿ ಹೊಲಿದೆ. ಒಬ್ಬರಿಗೆ ಚೆನ್ನಾಗಿ ಕೂತಿತು, ಇನ್ನೊಬ್ಬರಿಗೆ ಶಿಕ್ಷಕಿಯವರಿಗೆ ಆದದ್ದೇ ಆಯಿತು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಎರಡನೆಯವರ ಮುಂಡ ಉದ್ದವಾಗಿತ್ತು, ಕಾಲು ಗಿಡ್ಡವಾಗಿತ್ತು. ಅಂದಿನಿಂದ ನನ್ನ ಮೊದಲ ಅಳತೆ ಭುಜದಿಂದ ಭುಜಕ್ಕೆ ಬರುವ ಸುತ್ತಳತೆ. ಭುಜದ ನಡುವಿನಿಂದ ಟೇಪು ಹೊರಟು, ಎದೆಯ ತುದಿಯ ಮೇಲಿಂದ ಇಳಿದು, ಕಾಲುಗಳ ನಡುವೆ ಹಾದು, ಬೆನ್ನಿನ ಮೇಲಿಂದ ಅದೇ ಬಿಂದುವಿಗೆ ಮರಳಬೇಕು. ನನ್ನ ಗಿರಾಕಿಗಳಲ್ಲಿ ಇದು ಸಾಮಾನ್ಯವಾಗಿ 58ರಿಂದ 66 ಇಂಚಿನೊಳಗೆ ಬರುತ್ತದೆ, ಎತ್ತರ ಒಂದೇ ಇದ್ದವರ ನಡುವೆಯೂ ಮೂರು ಇಂಚಿನ ವ್ಯತ್ಯಾಸವನ್ನು ಕಂಡಿದ್ದೇನೆ. ಈ ಅಳತೆಯನ್ನು ನಾನೇ ತೆಗೆಯುವುದಿಲ್ಲ. ಪರದೆಯ ಹಿಂದೆ ಬಿಗಿ ಲೆಗ್ಗಿಂಗ್ಸಿನ ಮೇಲೆ ಅವರೇ, ಅಥವಾ ಜೊತೆಗೆ ಬಂದ ಅಕ್ಕ ತಂಗಿಯರು ತೆಗೆಯುತ್ತಾರೆ. ನಾನು ಹೊರಗಿನಿಂದ ಹೇಳಿಕೊಡುತ್ತೇನೆ. ಹೆಣ್ಣುಮಕ್ಕಳು ಬರುವುದಿಲ್ಲ ಎಂಬ ಮಾತು ಈ ಒಂದು ಏರ್ಪಾಡಿನಿಂದಲೇ ಸುಳ್ಳಾಯಿತು.

ಈ ಸುತ್ತು ಸಾಲದಿದ್ದರೆ ಪಟ್ಟಿ ಭುಜವನ್ನು ಕೊರೆಯುತ್ತದೆ, ಎದೆ ಚಪ್ಪಟೆಯಾಗುತ್ತದೆ, ಬಟ್ಟೆ ಹಿಂದಿನಿಂದ ಒಳಕ್ಕೆ ಸರಿಯುತ್ತದೆ, ಬಿಗಿಯೆಲ್ಲ ನಡುವಿಗೆ ಬಂದು ಹೊಟ್ಟೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸುತ್ತು ಹೆಚ್ಚಾದರೆ ಸೊಂಟದ ಹಿಂದೆ ಅಡ್ಡ ನೆರಿಗೆ ಬಿದ್ದು ಅದರಲ್ಲಿ ನೀರು ತುಂಬುತ್ತದೆ, ಬಾಗಿದಾಗ ಕೊರಳು ಬಾಯಿಬಿಡುತ್ತದೆ. ನನ್ನ ಬಳಿ ‘ಹೊಟ್ಟೆ ಮುಚ್ಚುವಂಥದ್ದು ಕೊಡಿ’ ಎಂದು ಬರುವ ಹತ್ತು ಜನರಲ್ಲಿ ಆರೇಳು ಜನರ ತೊಂದರೆ ಹೊಟ್ಟೆಯದಲ್ಲ, ಈ ಸುತ್ತಿನದು. ಅಡ್ಡ ಅಳತೆಯಲ್ಲಿ ಮೈಗಿಂತ ನೂರಕ್ಕೆ ಹತ್ತು ಹನ್ನೆರಡರಷ್ಟು ಕಡಿಮೆ ಮಾಡಿ ಕತ್ತರಿಸುತ್ತೇನೆ. ಉದ್ದದ ಸುತ್ತಿನಲ್ಲಿ ಅಷ್ಟು ಕಡಿಮೆ ಮಾಡಬಾರದು. ಎಷ್ಟು ಮಾಡಬೇಕು ಎಂಬ ಅಂಕಿ ನನ್ನ ಪುಸ್ತಕದಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿ ಬಟ್ಟೆಗೂ ತಾವೇ ಒಂದು ತುಂಡು ಹಿಗ್ಗಿಸಿ ನೋಡಿ ಕಂಡುಕೊಳ್ಳಬಹುದು.

ಮೈಯ ಆಕಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಗಿರಾಕಿಗಳಲ್ಲಿ ಮೇಲ್ಭಾಗ ಸಣ್ಣದಿದ್ದು ನಿತಂಬ, ತೊಡೆ ಅಗಲವಾಗಿರುವವರೇ ಹೆಚ್ಚು. ಅವರು ಬಂದ ಕೂಡಲೇ ಕೇಳುವುದು ತೊಡೆಯ ಅರ್ಧಕ್ಕೆ ನಿಲ್ಲುವ ಚಡ್ಡಿಯಂಥ ಕಾಲು. ತೊಡೆ ಅತಿ ಅಗಲವಾಗಿರುವ ಜಾಗದಲ್ಲಿ ಅಡ್ಡಗೆರೆ ಎಳೆದಂತೆ ಬಟ್ಟೆ ಮುಗಿದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಕಾಲಿನ ಅಂಚನ್ನು ಆ ಜಾಗಕ್ಕಿಂತ ಮೇಲಕ್ಕೆ ಒಯ್ಯಬೇಕು, ಇಲ್ಲವೇ ಮಂಡಿಯ ಮೇಲೆ ನಾಲ್ಕು ಬೆರಳಿನಷ್ಟು ಬಿಟ್ಟು ಕೆಳಗಿಳಿಸಬೇಕು. ನನ್ನಲ್ಲಿ ಬಹುಪಾಲು ಜನ ಎರಡನೆಯದನ್ನೇ ಒಪ್ಪುತ್ತಾರೆ. ಕೆಳಭಾಗಕ್ಕೆ ಹೊಳಪಿಲ್ಲದ ಕಡುನೀಲಿ ಅಥವಾ ಕಪ್ಪು, ಎದೆಯ ಭಾಗಕ್ಕೆ ತುಂಬುಬಣ್ಣ, ಅಗಲ ಚೌಕದ ಕೊರಳು, ಪಟ್ಟಿಗಳು ಭುಜದ ಹೊರತುದಿಗೆ ಹತ್ತಿರ: ಇಷ್ಟಾದರೆ ಭುಜ ಅಗಲವಾಗಿ ಕಂಡು ನಿತಂಬಕ್ಕೆ ಸಮತೂಕವಾಗುತ್ತದೆ. ಕಾಲಿನ ಎಲಾಸ್ಟಿಕ್ಕನ್ನು ಮುಂಭಾಗದಲ್ಲಿ ಎಳೆಯದೆ ಹಾಗೆಯೇ ಕೂರಿಸಿ, ಹಿಂಭಾಗದಲ್ಲಿ ಮಾತ್ರ ಸ್ವಲ್ಪ ಎಳೆದು ಹೊಲಿದರೆ ನಿತಂಬವನ್ನು ಕೆಳಗಿನಿಂದ ಹಿಡಿದು ನಿಲ್ಲುತ್ತದೆ, ತೊಡೆಯ ಮುಂದೆ ಕೊರೆತವೂ ಬೀಳುವುದಿಲ್ಲ.

ಎದೆ ಭಾರವಿರುವವರಿಗೆ ಬ್ಲೌಸಿನ ವಿದ್ಯೆಯೇ ಕೈಹಿಡಿಯುತ್ತದೆ, ಇಲ್ಲಿ ನಾವು ಕಾರ್ಖಾನೆಯವರಿಗಿಂತ ಮುಂದಿದ್ದೇವೆ ಎಂದು ಧೈರ್ಯದಿಂದ ಹೇಳುತ್ತೇನೆ. ಸಿದ್ಧ ಉಡುಗೆಯಲ್ಲಿ ಎದೆಗಾಗಿ ದೊಡ್ಡ ಸೈಜು ತೆಗೆದುಕೊಂಡರೆ ಸೊಂಟ, ನಿತಂಬ ಸಡಿಲವಾಗುತ್ತವೆ. ನಾನು ಎದೆಯ ಮೇಲಿಂದ ಸೊಂಟಕ್ಕೆ ಎರಡು ಉದ್ದ ಜೋಡಣೆ ಇಳಿಯುವ ಪ್ರಿನ್ಸೆಸ್ ಕಟ್ ಹಾಕಿ, ಎದೆಗೆ ಬೇಕಾದ ಅಗಲವನ್ನು ಆ ಎರಡು ಜೋಡಣೆಗಳಲ್ಲೇ ಕೊಟ್ಟು, ಎದೆಯ ಕೆಳಗೆ ಒಳಗಡೆ ಒಂದು ಇಂಚಿನ ಎಲಾಸ್ಟಿಕ್ ಪಟ್ಟಿ ಕಟ್ಟುತ್ತೇನೆ. ಭಾರ ಭುಜದಿಂದ ಆ ಪಟ್ಟಿಗೆ ಇಳಿಯುತ್ತದೆ. ಭುಜದ ಪಟ್ಟಿ ಒಂದೂವರೆ ಇಂಚಿಗಿಂತ ಕಿರಿದಾಗಿರಬಾರದು. ಕುತ್ತಿಗೆಗೆ ಗಂಟು ಹಾಕುವ ಮಾದರಿ ಇವರಿಗೆ ಬೇಡ. ಅರ್ಧ ಗಂಟೆಯಲ್ಲಿ ಕುತ್ತಿಗೆ ನೋಯುತ್ತದೆ.

ನಡು ದಪ್ಪಗಿರುವವರಿಗೆ ಮುಂಭಾಗದ ತುಂಡನ್ನು ಉದ್ದದಲ್ಲಿ ಐದನೇ ಒಂದು ಪಾಲಿನಷ್ಟು ಹೆಚ್ಚಿಗೆ ಕತ್ತರಿಸಿ, ಎರಡೂ ಪಕ್ಕಗಳಲ್ಲಿ ಸಣ್ಣ ನೆರಿಗೆ ಹಿಡಿದು, ಒಳಗೆ ಪವರ್ ಮೆಶ್ ಎಂಬ ಬಿಗಿಯಾಗಿ ಹಿಡಿಯುವ ಜಾಲರಿ ಬಟ್ಟೆ ಕೊಡುತ್ತೇನೆ. ಪಕ್ಕದ ತುಂಡುಗಳು ಕಡುಬಣ್ಣದಲ್ಲಿದ್ದರೆ ಇನ್ನೂ ಒಳ್ಳೆಯದು. ತೆಳ್ಳಗೆ ನೇರವಾಗಿರುವ ಹುಡುಗಿಯರಿಗೆ ಸೊಂಟದಲ್ಲಿ ಬೇರೆ ಬಣ್ಣದ ಪಟ್ಟಿಯೊಂದು ಸಾಕು. ಭುಜ ಅಗಲವಿದ್ದರೆ ಪಟ್ಟಿಗಳನ್ನು ಕೊರಳಿನ ಹತ್ತಿರಕ್ಕೆ ತರಬೇಕು.

ಸ್ಕರ್ಟ್ ಕೂಡಿಸಿದ ಉಡುಗೆಗೆ ಇಲ್ಲಿ ಬಹಳ ಬೇಡಿಕೆಯಿದೆ, ಅದು ನನ್ನನ್ನು ಒಂದು ಇಡೀ ಬೇಸಿಗೆ ಸತಾಯಿಸಿತು. ಪೂರ್ಣ ಘೇರಿನ ಸ್ಕರ್ಟ್ ನೀರಿನಲ್ಲಿ ಕೊಡೆಯಂತೆ ಅರಳಿ ಎದೆಯ ಮಟ್ಟಕ್ಕೆ ಏರಿತು. ಅಂಚಿನಲ್ಲಿ ಪರದೆಗೆ ಹಾಕುವ ಭಾರದ ಗುಂಡುಗಳನ್ನು ಇಟ್ಟು ನೋಡಿದೆ. ಸ್ಕರ್ಟ್ ಇಳಿಯಿತು, ಆದರೆ ಕಾಲು ಹೊಡೆಯುವಾಗ ಗುಂಡುಗಳು ಬಡಿದು ತೊಡೆ ನೀಲಿಗಟ್ಟಿತು. ಅಂಚಿನಲ್ಲಿ ಅಗಲ ಎಲಾಸ್ಟಿಕ್ ಹಾಕಿದರೆ ಗಾಳಿ ಒಳಗೇ ಉಳಿಯಿತು. ಕೊನೆಗೆ ಘೇರು ತೆಗೆದು, ನೇರ ಎ-ಲೈನ್ ಕಟಿಂಗ್ ಮಾಡಿ, ಸೊಂಟದ ಬದಲು ನಿತಂಬದ ಮೇಲಿನ ಗೆರೆಯಿಂದ ಕೂಡಿಸಿ, ಎರಡೂ ಪಕ್ಕ ಸೀಳು ಬಿಟ್ಟು, ಒಳಚಡ್ಡಿಗೆ ಎರಡು ಕಡೆ ಒಂದೊಂದು ಗುಪ್ತ ಹೊಲಿಗೆಯಿಂದ ಹಿಡಿಸಿದೆ. ಆ ಹೊಲಿಗೆ ಎಲ್ಲಿ ಬೀಳಬೇಕು ಎಂಬುದು ನನ್ನ ಕೈಗುಟ್ಟು. ಸ್ಕರ್ಟಿನ ಅಂಚಿಗೂ ಮೊದಲು ಹೇಳಿದ ನಿಯಮವೇ: ತೊಡೆಯ ಅತಿ ಅಗಲದ ಜಾಗದಲ್ಲಿ ಮುಗಿಯಬಾರದು.

ದರ್ಗಾ ಕಡೆಯ ಬಡಾವಣೆಗಳಿಂದ ಬರುವ ಹೆಣ್ಣುಮಕ್ಕಳು ಪೂರ್ತಿ ಮೈ ಮುಚ್ಚುವ ಉಡುಗೆ ಕೇಳುತ್ತಾರೆ. ಆಸ್ಟ್ರೇಲಿಯಾದ ಅಹೇದಾ ಝನೆಟ್ಟಿ 2004ರಲ್ಲಿ ರೂಪಿಸಿದ ಬುರ್ಕಿನಿಯ ಮಾದರಿಯನ್ನು ನೋಡಿ ನಾನು ನನ್ನ ಕಟಿಂಗ್ ಮಾಡಿಕೊಂಡಿದ್ದೇನೆ. ಮೇಲಂಗಿ ತೇಲದಂತೆ ಒಳಗಿನಿಂದ ಪ್ಯಾಂಟಿಗೆ ಕಟ್ಟುವ ಲಾಡಿ ಕೊಡುವುದು ಅದರಲ್ಲಿ ಮುಖ್ಯ. ಸ್ಪರ್ಧೆಗೆ ಹೋಗುವ ಹುಡುಗಿಯರಿಗೆ ಮಾತ್ರ ನಾನು ಹೊಲಿದು ಕೊಡುವುದಿಲ್ಲ. 2010ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ ಕೊಳದ ಸ್ಪರ್ಧೆಗಳಲ್ಲಿ ಮಹಿಳೆಯರ ಉಡುಗೆ ಕೊರಳನ್ನು ಮುಚ್ಚುವಂತಿಲ್ಲ, ಭುಜ ದಾಟುವಂತಿಲ್ಲ, ಮಂಡಿಗಿಂತ ಕೆಳಗಿಳಿಯುವಂತಿಲ್ಲ, ದೊಡ್ಡ ಸ್ಪರ್ಧೆಗಳಿಗೆ ಒಪ್ಪಿಗೆ ಪಡೆದ ಉಡುಗೆಯೇ ಬೇಕು. ಅವರು ಕೊಳ್ಳುವಾಗ ಸುತ್ತಳತೆಯನ್ನು ನಾನು ತೆಗೆಸಿ ಕೊಡುತ್ತೇನೆ. ಎದೆಯ ಅಳತೆಗೂ ಸುತ್ತಿಗೂ ಹೊಂದದಿದ್ದರೆ ಸುತ್ತಿನ ಸೈಜನ್ನೇ ಆರಿಸಿರಿ ಎನ್ನುತ್ತೇನೆ.

ಬಾಳಿಕೆಯ ಬಗ್ಗೆ ಒಂದು ಪರೀಕ್ಷೆ ಮಾಡಿದೆ. ಬಕೆಟ್ಟಿನಲ್ಲಿ ಕೊಳದ ನೀರಿಗಿಂತ ಹೆಚ್ಚೇ ಬ್ಲೀಚಿಂಗ್ ಪೌಡರ್ ಕಲಸಿ, ನೈಲಾನ್-ಸ್ಪ್ಯಾಂಡೆಕ್ಸ್ ಪಟ್ಟಿಯೊಂದನ್ನೂ ಪಿಬಿಟಿ ಎಂಬ, ತಾನಾಗಿಯೇ ಸ್ವಲ್ಪ ಹಿಗ್ಗುವ ಪಾಲಿಯೆಸ್ಟರಿನ ಪಟ್ಟಿಯೊಂದನ್ನೂ ಕೆಲವು ವಾರ ಮುಳುಗಿಸಿಟ್ಟೆ. ಮೊದಲನೆಯದು ಬಣ್ಣ ಬಿಟ್ಟು ಹಳೆಯ ರಬ್ಬರಿನಂತೆ ಸಡಿಲವಾಯಿತು. ಎರಡನೆಯದು ಬಹುತೇಕ ಹಾಗೆಯೇ ಉಳಿಯಿತು. ಆದರೆ ಪಿಬಿಟಿ ಕಡಿಮೆ ಹಿಗ್ಗುವುದರಿಂದ ಕಟಿಂಗ್‌ನಲ್ಲಿ ಕಡಿತವೂ ಕಡಿಮೆಯಾಗಬೇಕು, ಮೈಗೆ ಅಷ್ಟು ಮೆತ್ತಗೂ ಇರುವುದಿಲ್ಲ. ವರ್ಷವಿಡೀ ಈಜುವವರಿಗೆ ಪಿಬಿಟಿ, ಬೇಸಿಗೆಗೆ ಮಾತ್ರ ಇಳಿಯುವವರಿಗೆ ನೈಲಾನ್ ಎಂದು ಈಗ ವಿಂಗಡಿಸಿದ್ದೇನೆ. ಅಸ್ತರು ಬಿಳಿಯದಾಗಿದ್ದರೆ ಒದ್ದೆಯಾದಾಗ ಎದ್ದು ಕಾಣುತ್ತದೆ, ಮೈಬಣ್ಣದ್ದೇ ಹಾಕಬೇಕು. ಕೊಳದ ಅಂಚಿನ ಒರಟು ಶಹಾಬಾದ್ ಕಲ್ಲಿನ ಮೇಲೆ ಕೂತು ಕೂತು ಹಿಂಭಾಗದ ಬಟ್ಟೆ ಗುಂಜು ಗುಂಜಾಗುವುದನ್ನು ಕಂಡ ಮೇಲೆ ಅಲ್ಲಿ ಎರಡು ಪದರ ಕೊಡುತ್ತಿದ್ದೇನೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಜಿಗ್‌ಜಾಗ್ ಹೊಲಿಗೆಯ ಮನೆಯಂತ್ರಕ್ಕೆ ಸುಮಾರು ಹದಿನಾಲ್ಕು ಸಾವಿರ, ಸೊಲ್ಲಾಪುರದಿಂದ ತಂದ ಹಳೆಯ ಓವರ್‌ಲಾಕಿಗೆ ಒಂಬತ್ತು ಸಾವಿರದ ಹತ್ತಿರ. ಹಿಗ್ಗುವ ಬಟ್ಟೆಗೆಂದೇ ಇರುವ 75ನೇ ನಂಬರಿನ ಸೂಜಿ ಇಲ್ಲದಿದ್ದರೆ ಹೊಲಿಗೆ ತಪ್ಪಿ ತಪ್ಪಿ ಬೀಳುತ್ತದೆ, ಅದನ್ನು ಹೈದರಾಬಾದಿನಿಂದ ಡಜನ್‌ಗಟ್ಟಲೆ ತರಿಸಿಡಬೇಕು. ಬಟ್ಟೆ ಮೀಟರಿಗೆ ಐನೂರರಿಂದ ಆರುನೂರು, ಒಂದು ಉಡುಗೆಗೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಅಸ್ತರು, ಎಲಾಸ್ಟಿಕ್, ಕಪ್ ಸೇರಿ ಒಂಬೈನೂರು ರೂಪಾಯಿ ತಗಲುತ್ತದೆ. ಸಾವಿರದ ಎಂಟುನೂರು ತೆಗೆದುಕೊಳ್ಳುತ್ತೇನೆ, ಪೂರ್ತಿ ಮುಚ್ಚುವುದಕ್ಕೆ ಎರಡು ಸಾವಿರದ ಎಂಟುನೂರು. ಹಣ ಕೊಡುವ ಮುಂಚೆ ಗಿರಾಕಿ ಅದನ್ನು ತೊಟ್ಟು, ಪರದೆಯ ಹಿಂದಿನ ಬಚ್ಚಲಿನಲ್ಲಿ ಎರಡು ಬಕೆಟ್ ನೀರು ಸುರಿದುಕೊಂಡು, ಕೈ ಬೀಸಿ, ಕೂತು ಎದ್ದು ನೋಡಬೇಕೆಂಬುದು ನನ್ನ ಷರತ್ತು. ಎಲ್ಲಿಯಾದರೂ ಜಗ್ಗಿದರೆ ಆ ವಾರದಲ್ಲೇ ಬಿಚ್ಚಿ ಸರಿಮಾಡಿ ಕೊಡುತ್ತೇನೆ. ಮನೆಗೆ ಹೋದ ಮೇಲೆ ಮಾಳಿಗೆಯ ಬಿಸಿಲಿನಲ್ಲಿ ಒಣಗಿಸಿ ಸ್ಪ್ಯಾಂಡೆಕ್ಸ್ ಕೆಟ್ಟರೆ ಅದು ನನ್ನ ಜವಾಬ್ದಾರಿಯಲ್ಲ ಎಂದು ರಸೀದಿಯ ಮೇಲೆಯೇ ಬರೆದುಕೊಡುತ್ತೇನೆ.