ಕ್ಲಿನಿಕ್, ಮೆಡಿಕಲ್ ಶಾಪ್ ತೆರೆಯುವ ಮುನ್ನ: ಲೈಸೆನ್ಸ್ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ರಸ್ತೆ ಬದಿಗೆ ಕ್ಲಿನಿಕ್, ಪಕ್ಕದಲ್ಲೇ ಮೆಡಿಕಲ್ ಶಾಪ್, ಹಿಂದಿನ ಕೋಣೆಯಲ್ಲಿ ಪುಟ್ಟ ಲ್ಯಾಬ್. ತೀರ್ಥಹಳ್ಳಿ, ಹೊಸನಗರ, ಸೊರಬದಂಥ ಊರುಗಳಲ್ಲಿ ಹೆಚ್ಚಿನವರು ಶುರು ಮಾಡುವುದು ಹೀಗೇ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಮಾತ್ರ ‘ಲೈಸೆನ್ಸ್ ಮತ್ತು ಇತರೆ’ ಎಂದು ಒಂದೇ ಸಾಲು ಬರೆದು, ಅಂದಾಜಿಗೆ ಒಂದು ಮೊತ್ತ ಹಾಕಿ ಮುಗಿಸುತ್ತಾರೆ. ಮುಂದೆ ಕೈ ಕಚ್ಚುವುದು ಅದೇ ಸಾಲು. ಸರ್ಕಾರಕ್ಕೆ ಕಟ್ಟುವ ಶುಲ್ಕ ಹಲವು ಬಾಬ್ತುಗಳಲ್ಲಿ ಸಣ್ಣದೇ. ಅನುಮತಿ ಕೈಗೆ ಬರುವವರೆಗೆ ಮುಚ್ಚಿದ ಮಳಿಗೆಗೆ ತೆರುವ ಬಾಡಿಗೆ, ಸಂಬಳ, ಬಡ್ಡಿ ಸೇರಿದಾಗ ಮೊತ್ತ ಏರುತ್ತದೆ. ಯಾವ ಶುಲ್ಕ ಎಷ್ಟು ಎಂಬುದರ ಜೊತೆಗೆ ಯಾವುದನ್ನು ಯಾವಾಗ ಕಟ್ಟಬೇಕು ಎಂಬುದನ್ನೂ ಬರೆದಿಟ್ಟರೆ ಮಾತ್ರ ಅದು ಬಜೆಟ್.

ಹಂತ 1: ಅಡ್ವಾನ್ಸ್ ಕೊಡುವ ಮೊದಲು ಕಟ್ಟಡದ ಕಾಗದ ನೋಡಿ

ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಜಾಗದ ದಾಖಲೆ. ಮಾಲೀಕರ ಖಾತೆ, ಈ ಸಾಲಿನ ತೆರಿಗೆ ರಸೀದಿ, ಬಾಡಿಗೆ ಕರಾರು, ನಕ್ಷೆ ಇವಿಷ್ಟಿಲ್ಲದೆ ಅರ್ಜಿ ಮುಂದೆ ಹೋಗದು. ಹಳ್ಳಿ ಕಡೆ ಮುಖ್ಯ ತೊಡಕು ಇ-ಸ್ವತ್ತು, ಅಂದರೆ ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ. ತೋಟದ ಅಂಚಿನಲ್ಲಿ, ಭೂ ಪರಿವರ್ತನೆ ಆಗದ ಜಾಗದಲ್ಲಿ ಕಟ್ಟಿದ ಮಳಿಗೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಾಡಿಗೆ ಕಡಿಮೆ, ಎದುರಿಗೇ ಬಸ್ ನಿಲ್ದಾಣ, ಆದರೆ ಕೃಷಿಯೇತರ ಆಸ್ತಿಗೆ ಪಂಚಾಯಿತಿ ಕೊಡುವ ಫಾರಂ 9 ಸಿಗುವುದಿಲ್ಲ. ಅಂಥ ಕಡೆ ಅಡ್ವಾನ್ಸ್ ಕೊಟ್ಟರೆ ಮಾಲೀಕರ ಕಾಗದ ಸರಿಯಾಗುವವರೆಗೆ ನಿಮ್ಮ ಹಣ ಅಲ್ಲೇ ಕೂರುತ್ತದೆ. ತೆರಿಗೆ ಬಾಕಿಯಿದ್ದರೆ ಅದನ್ನು ಯಾರು ಕಟ್ಟಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ. ಇಲ್ಲದಿದ್ದರೆ ಟ್ರೇಡ್ ಲೈಸೆನ್ಸ್ ಆಸೆಗೆ ಕೊನೆಗೆ ನೀವೇ ಕಟ್ಟುತ್ತೀರಿ.

ಕರಾರಿನ ಅವಧಿಯೂ ಮುಖ್ಯ. 11 ತಿಂಗಳ ಕರಾರಿಗೆ ಖರ್ಚು ಕಡಿಮೆ, ನಿಜ. ಆದರೆ ನಿಮ್ಮ ನೋಂದಣಿ ಐದು ವರ್ಷದ್ದು ಮತ್ತು ಅದು ಆ ವಿಳಾಸಕ್ಕೆ ಅಂಟಿಕೊಂಡದ್ದು. ಮಾಲೀಕರು ಎರಡನೇ ವರ್ಷ ಬಿಡಿಸಿದರೆ ಹೊಸ ಜಾಗಕ್ಕೆ ಎಲ್ಲವನ್ನೂ ಮತ್ತೆ ಮಾಡಿಸಬೇಕು. ಐದು ವರ್ಷದ ಗುತ್ತಿಗೆ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಮುದ್ರಾಂಕ ಶುಲ್ಕವನ್ನು ಬಜೆಟ್‌ಗೆ ಸೇರಿಸುವುದೇ ಲೇಸು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ.

ಮೆಡಿಕಲ್ ಶಾಪ್ ಇದ್ದರೆ ಟೇಪ್ ಹಿಡಿದೇ ಹೋಗಿ. ಚಿಲ್ಲರೆ ಔಷಧ ಮಳಿಗೆಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ಅಂದರೆ ಸುಮಾರು 108 ಚದರ ಅಡಿ. ಚಿಲ್ಲರೆ, ಸಗಟು ಎರಡೂ ಮಾಡುವುದಾದರೆ 15 ಚದರ ಮೀಟರ್. ಪೇಟೆ ಬೀದಿಯ ಹಳೇ ಮಳಿಗೆಗಳ ಗೋಡೆ ದಪ್ಪ. ಹೊರಗಿನಿಂದ 11 ಅಡಿ ಅಗಲ, 13 ಅಡಿ ಉದ್ದ ಕಂಡದ್ದು ಒಳಗೆ 9 ಮತ್ತು 11 ಆಗಿ, 99 ಚದರ ಅಡಿಗೆ ನಿಲ್ಲುತ್ತದೆ. ಒಂಬತ್ತು ಚದರ ಅಡಿ ಜಾಗದ ಕೊರತೆಗೆ ಇಡೀ ಅರ್ಜಿ ಬಿದ್ದುಹೋಗುತ್ತದೆ. ಗೋಡೆಯಿಂದ ಗೋಡೆಗೆ ಒಳಗಿನ ಅಳತೆಯನ್ನೇ ತೆಗೆದುಕೊಳ್ಳಿ.

ಹಂತ 2: ಏನೇನು ಬೇಕು ಎಂದು ಸೇವೆವಾರು ಬರೆಯಿರಿ

ಕ್ಲಿನಿಕ್ ಇರಲಿ, ಲ್ಯಾಬ್ ಇರಲಿ, ನರ್ಸಿಂಗ್ ಹೋಂ ಇರಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಡಿ, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಎಂಇ ಅಡಿ, ನೋಂದಣಿ ಆಗಲೇಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತದೆ. ಕಡತ ಓಡಾಡುವುದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ. ಅವಧಿ ಐದು ವರ್ಷ. ಶುಲ್ಕ ಸಂಸ್ಥೆಯ ವರ್ಗ ಮತ್ತು ಹಾಸಿಗೆಗಳ ಸಂಖ್ಯೆಯ ಮೇಲೆ ನಿಂತಿದೆ. ಹಾಗಾಗಿ ಆನ್‌ಲೈನ್ ಅರ್ಜಿಯಲ್ಲಿ ವರ್ಗ ಆರಿಸುವಾಗ ಮೈಯೆಲ್ಲ ಕಣ್ಣಾಗಿರಲಿ. ಎರಡು ವರ್ಷದ ನಂತರ ಹಾಸಿಗೆ ಹಾಕುವ ಯೋಚನೆಯಿದ್ದರೆ ಅದನ್ನು ಈಗಲೇ ಬರೆಯಬೇಡಿ. ಬರೆದ ದಿನದಿಂದ ಹೆಚ್ಚಿನ ಶುಲ್ಕ ಮಾತ್ರವಲ್ಲ, ಆ ವರ್ಗಕ್ಕೆ ಬೇಕಾದ ಸಿಬ್ಬಂದಿ, ಸೌಕರ್ಯ ಎಲ್ಲವನ್ನೂ ತೋರಿಸಬೇಕಾಗುತ್ತದೆ. ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು, ದರಪಟ್ಟಿಯನ್ನೂ ಹಾಕಬೇಕು. ನಾಮಫಲಕವನ್ನು ನೋಂದಣಿ ಸಂಖ್ಯೆ ಬಂದ ಮೇಲೆ ಬರೆಸಿದರೆ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ.

ಔಷಧ ಮಳಿಗೆಗೆ ಫಾರಂ 19ರಲ್ಲಿ ಅರ್ಜಿ ಹಾಕಬೇಕು. ಸಿಗುವುದು ಫಾರಂ 20 ಮತ್ತು 21 ಎಂಬ ಎರಡು ಲೈಸೆನ್ಸ್. ಒಂದೊಂದಕ್ಕೆ ₹1,500, ಒಟ್ಟು ₹3,000. 2017ರ ತಿದ್ದುಪಡಿಯ ನಂತರ ಈ ಲೈಸೆನ್ಸ್‌ಗೆ ಮುಕ್ತಾಯ ದಿನಾಂಕ ಇಲ್ಲ, ಆದರೆ ಐದು ವರ್ಷಕ್ಕೊಮ್ಮೆ ಅಷ್ಟೇ ಮೊತ್ತವನ್ನು ಲೈಸೆನ್ಸ್ ಉಳಿಸಿಕೊಳ್ಳುವ ಶುಲ್ಕವಾಗಿ ಕಟ್ಟಬೇಕು. ತಡವಾದರೆ ತಿಂಗಳಿಗೆ ಶೇ 2, ಅಂದರೆ ₹3,000ಕ್ಕೆ ₹60. ದಂಡ ಸಣ್ಣದೆಂದು ಉದಾಸೀನ ಮಾಡಬೇಡಿ. ಆರು ತಿಂಗಳು ದಾಟಿದರೆ ಲೈಸೆನ್ಸೇ ರದ್ದಾದಂತೆ. ಹೋಮಿಯೋಪಥಿ ಔಷಧ ಮಾರಾಟಕ್ಕೆ ಬೇರೆಯದೇ ಲೈಸೆನ್ಸ್ ಇದೆ.

ವೈದ್ಯರು ತಮ್ಮ ರೋಗಿಗಳಿಗೆ ಮಾತ್ರ ತಾವೇ ಔಷಧ ಕೊಡುವುದಾದರೆ, ಬೇರೆಯವರಿಗೆ ಮಾರುವ ಅಂಗಡಿ ಇಡದಿದ್ದರೆ, ಈ ಲೈಸೆನ್ಸ್ ಬೇಕಿಲ್ಲ. ಆಗುಂಬೆ ಸುತ್ತಿನಂಥ ಜನವಿರಳ ಊರುಗಳಲ್ಲಿ ಮೊದಲ ಒಂದೆರಡು ವರ್ಷಕ್ಕೆ ಇದು ಒಳ್ಳೆಯ ದಾರಿ. ಆಯುರ್ವೇದ ವೈದ್ಯರು ತಮ್ಮದೇ ರೋಗಿಗಳಿಗೆ ಕಷಾಯ, ಲೇಹ್ಯ ತಯಾರಿಸಿಕೊಡಲು ತಯಾರಿಕಾ ಲೈಸೆನ್ಸ್ ಬೇಡ. ಅದನ್ನೇ ಪ್ಯಾಕೆಟ್ ಮಾಡಿ ಪೇಟೆಯ ಅಂಗಡಿಗೆ ಹಾಕಿದರೆ ಬೇಕು.

ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಯಂತ್ರ ಇಡುವುದಾದರೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ. ಒಂದೇ ಬಗೆಯ ಕೇಂದ್ರಕ್ಕೆ ₹25,000, ಹಲವು ಸೇವೆ ಸೇರಿದ ಸಂಸ್ಥೆಗೆ ₹35,000. ಐದು ವರ್ಷದ ನಂತರ ನವೀಕರಣಕ್ಕೆ ಅರ್ಧ. ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಆದರೆ ಅರ್ಜಿ ತಿರಸ್ಕೃತವಾದರೆ 90 ದಿನದೊಳಗೆ ಅದೇ ಕೇಂದ್ರಕ್ಕೆ ಮತ್ತೆ ಹಾಕುವಾಗ ಶುಲ್ಕವಿಲ್ಲ. ಇದು ಗೊತ್ತಿಲ್ಲದೆ ಎರಡನೇ ಸಲ ಕಟ್ಟಲು ಹೊರಡಬೇಡಿ. ನೋಂದಣಿ ಇಲ್ಲದವರಿಗೆ ಕಂಪನಿ ಯಂತ್ರ ಮಾರುವಂತಿಲ್ಲ. ಹಾಗಾಗಿ ಸಾಲದ ಹಣವನ್ನು ಫಾರಂ ಬಿ ನೋಂದಣಿ ಪ್ರಮಾಣಪತ್ರ ಬಂದ ಮೇಲೆಯೇ ಬಿಡುಗಡೆ ಮಾಡುವಂತೆ ಬ್ಯಾಂಕಿಗೆ ಮೊದಲೇ ಹೇಳಿ. ಬಾರದ ಯಂತ್ರಕ್ಕೆ ಕಂತು ಕಟ್ಟುವುದು ತಪ್ಪುತ್ತದೆ. ಯಂತ್ರ, ವೈದ್ಯರು ಅಥವಾ ಜಾಗ ಬದಲಾಗುವುದಿದ್ದರೆ 30 ದಿನ ಮೊದಲೇ ತಿಳಿಸಬೇಕು.

ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ಅನುಮತಿ ಪಡೆಯಬೇಕು. ಇಲ್ಲಿ ಖರ್ಚು ಬರುವುದು ಗೋಡೆಗೆ, ಸೀಸದ ಏಪ್ರನ್‌ಗೆ, ಸಿಬ್ಬಂದಿಗೆ ತಗಲುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗೆ ಮತ್ತು ಯಂತ್ರದ ಗುಣಮಟ್ಟ ಪರೀಕ್ಷೆಗೆ.

ಹಂತ 3: ತ್ಯಾಜ್ಯದ ಲೆಕ್ಕ ಬಿಡಬೇಡಿ

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರ ಪ್ರಕಾರ, ದಿನಕ್ಕೆ ಹತ್ತು ಸೂಜಿ ಬಳಸುವ ಕ್ಲಿನಿಕ್ಕೂ ಫಾರಂ 2ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಬೇಕು. ಹಾಸಿಗೆ ಇಲ್ಲದ ಕಡೆ ಇದು ಒಂದೇ ಸಲದ ಅನುಮತಿ. ಪೂರ್ಣ ಅರ್ಜಿ ಸಲ್ಲಿಸಿ 90 ದಿನದೊಳಗೆ ಮಂಡಳಿ ಆಕ್ಷೇಪ ಎತ್ತದಿದ್ದರೆ ಅನುಮತಿ ಸಿಕ್ಕಿದಂತೆಯೇ. ‘ಪೂರ್ಣ’ ಎಂಬುದನ್ನು ಮರೆಯಬೇಡಿ, ಒಂದು ಕಾಗದ ಕೊರೆಯಾದರೂ ಆ ಎಣಿಕೆ ಶುರುವಾಗುವುದಿಲ್ಲ. ಹಾಸಿಗೆಗಳಿರುವ ಆಸ್ಪತ್ರೆಗೆ ಜಲ ಮತ್ತು ವಾಯು ಕಾಯ್ದೆಗಳಡಿ ಸಮ್ಮತಿಯೂ ಬೇಕು. ಅದರ ಶುಲ್ಕ ಬಂಡವಾಳ ಹೂಡಿಕೆಗೆ ತಕ್ಕಂತೆ ಏರುತ್ತದೆ.

ಸಾಮೂಹಿಕ ತ್ಯಾಜ್ಯ ಘಟಕದ ಜೊತೆ ಒಪ್ಪಂದ ಆಗಬೇಕು. ಅದಕ್ಕೆ ಆರಂಭಿಕ ಶುಲ್ಕ, ತಿಂಗಳ ಶುಲ್ಕ, ಮೇಲೆ ಜಿಎಸ್‌ಟಿ. ಹಳದಿ, ಕೆಂಪು, ನೀಲಿ, ಬಿಳಿ ಡಬ್ಬ ಚೀಲಗಳು, ಬಾರ್‌ಕೋಡ್, ಸೂಜಿ ಕತ್ತರಿಸುವ ಯಂತ್ರ ಇವೆಲ್ಲ ನಿಮ್ಮ ಖರ್ಚು. ಲ್ಯಾಬ್ ಇದ್ದರೆ ರಕ್ತದ ಮಾದರಿ, ಕಲ್ಚರ್ ಪ್ಲೇಟ್‌ಗಳನ್ನು ಹೊರಗೆ ಕೊಡುವ ಮೊದಲು ಅಲ್ಲೇ ಸೋಂಕು ಕಳೆಯಬೇಕು. ಅದಕ್ಕೆ ಬೇಕಾದ, ಹಬೆಯಿಂದ ಸೋಂಕು ಕಳೆಯುವ ಆಟೋಕ್ಲೇವ್ ಯಂತ್ರದ ಬೆಲೆ ಬಜೆಟ್‌ನಲ್ಲಿ ಇಲ್ಲದಿದ್ದರೆ ತಪಾಸಣೆಯ ದಿನ ಓಡಾಡಬೇಕಾಗುತ್ತದೆ.

ಘಟ್ಟದ ಊರುಗಳಿಗೆ ಇನ್ನೊಂದು ಪ್ರಶ್ನೆ: ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್, ಅಂಗಾಂಶದಂಥ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇಡಬೇಕಾಗಿ ಬಂದರೆ ಸುರಕ್ಷಿತ ಏರ್ಪಾಡು ಮಾಡಿ, ಕಾರಣ ಸಮೇತ ಮಂಡಳಿಗೆ ತಿಳಿಸಬೇಕು. ಆಷಾಢದ ಮಳೆಗೆ ಮರ ಬಿದ್ದು, ಧರೆ ಕುಸಿದು ರಸ್ತೆ ಮುಚ್ಚುವುದು ನಮ್ಮಲ್ಲಿ ಹೊಸದಲ್ಲ. ಒಪ್ಪಂದ ಮಾಡುವಾಗಲೇ ಮಳೆಗಾಲದ ಸರದಿ ಕೇಳಿ ಬರೆಸಿಕೊಳ್ಳಿ. ಮುಚ್ಚಳ, ಬೀಗ ಇರುವ ಪ್ರತ್ಯೇಕ ಸಂಗ್ರಹ ಜಾಗಕ್ಕೂ ಒಂದಷ್ಟು ಹಣ ಇಡಿ.

ಹಂತ 4: ಸ್ಥಳೀಯ ಬಾಬ್ತುಗಳು

ಟ್ರೇಡ್ ಲೈಸೆನ್ಸ್ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಯದು, ಸಾಗರ, ಭದ್ರಾವತಿಯಲ್ಲಿ ನಗರಸಭೆಯದು, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯದು. ಇದರ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಕಟ್ಟಿದರೆ ಏಪ್ರಿಲ್‌ಗೆ ಮತ್ತೆ ಕಟ್ಟಬೇಕು. ವೃತ್ತಿ ತೆರಿಗೆ ವರ್ಷಕ್ಕೆ ಗರಿಷ್ಠ ₹2,500, ಏಪ್ರಿಲ್ ಕೊನೆಯೊಳಗೆ. ಮೆಡಿಕಲ್ ಶಾಪ್‌ಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಶುಲ್ಕ ನೌಕರರ ಸಂಖ್ಯೆಗೆ ತಕ್ಕಂತೆ. ನೌಕರರು ಹತ್ತಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಹೆಚ್ಚು. ಚಿಕಿತ್ಸೆಗೆ, ಲ್ಯಾಬ್ ಪರೀಕ್ಷೆಗೆ ತೆರಿಗೆ ವಿನಾಯಿತಿ ಇದೆ. ಅದನ್ನು ಕೇಳಿ ಸಂತೋಷಪಡುವ ಮೊದಲು ಇನ್ನೊಂದು ಮುಖ ನೋಡಿ: ನೀವು ತೆರಿಗೆ ವಸೂಲಿ ಮಾಡದ ಕಾರಣ, ಉಪಕರಣ, ಪೀಠೋಪಕರಣ, ಲೆಕ್ಕಪರಿಶೋಧಕರ ಶುಲ್ಕದ ಮೇಲೆ ಕಟ್ಟಿದ ಜಿಎಸ್‌ಟಿ ನಿಮಗೆ ಮರಳಿ ಸಿಗುವುದಿಲ್ಲ. ಕೊಟೇಶನ್‌ನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿದ್ದರೆ ತೆರಿಗೆ ಸೇರಿಸಿದ ಮೊತ್ತವನ್ನೇ ಬಜೆಟ್‌ಗೆ ಬರೆಯಿರಿ.

ಹಂತ 5: ಕಾಯುವ ತಿಂಗಳಿಗೆ ಬೆಲೆ ಕಟ್ಟಿ

ಒಂದು ಲೆಕ್ಕ ಹಾಕೋಣ. ಬಾಡಿಗೆ ₹12,000, ಫಾರ್ಮಸಿಸ್ಟ್ ಸಂಬಳ ₹16,000, ಎಂಟು ಲಕ್ಷ ಸಾಲಕ್ಕೆ ಶೇ 12ರಂತೆ ತಿಂಗಳ ಬಡ್ಡಿ ₹8,000. ಒಟ್ಟು ₹36,000. ಮೂರು ತಿಂಗಳು ಕಾದರೆ ₹1,08,000. ಔಷಧ ಲೈಸೆನ್ಸ್ ಶುಲ್ಕ ₹3,000 ಇದರ ಮುಂದೆ ಎಲ್ಲಿ ನಿಲ್ಲುತ್ತದೆ?

ಫಾರ್ಮಸಿಸ್ಟ್ ಸಂಬಳ ಯಾಕೆ ಮೊದಲೇ ಅಂದರೆ, ಅರ್ಜಿಯಲ್ಲೇ ಅವರ ಹೆಸರು, ನೋಂದಣಿ, ನೇಮಕಾತಿ ಪತ್ರ ಬೇಕು. ಅವರ ಹೆಸರು ಹಳೇ ಅಂಗಡಿಯ ಲೈಸೆನ್ಸ್‌ನಲ್ಲಿ ಇನ್ನೂ ಉಳಿದಿದ್ದರೆ ನಿಮ್ಮ ಕಡತ ಅಲ್ಲಿಗೇ ನಿಲ್ಲುತ್ತದೆ. ಬಿಡುಗಡೆ ಪತ್ರ ಕೈಗೆ ಬಂದ ಮೇಲೆಯೇ ಅರ್ಜಿ ಹಾಕಿ. ಔಷಧಗಳಿಗೆ ಫ್ರಿಜ್ ಬೇಕು. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ಇನ್ವರ್ಟರ್ ಖರ್ಚೂ ಸೇರಿಸಿ.

ಬಾಡಿಗೆ ಹೊರೆ ಇಳಿಸಲು ಒಂದು ಉಪಾಯವಿದೆ: ಕರಾರಿನ ಮೊದಲ ಮೂರು ತಿಂಗಳಿಗೆ ಅರ್ಧ ಬಾಡಿಗೆ ಎಂದು ಮಾಲೀಕರನ್ನು ಕೇಳಿ. ಐದು ವರ್ಷ ಇರುವ ಬಾಡಿಗೆದಾರರಿಗೆ ಹಲವರು ಒಪ್ಪುತ್ತಾರೆ. ಮಾಲಿನ್ಯ ಮಂಡಳಿ, ಕೆಪಿಎಂಇ ಅರ್ಜಿಗಳನ್ನು ಜನವರಿಯಲ್ಲಿ ಹಾಕಿದರೆ 90 ದಿನ ಏಪ್ರಿಲ್‌ಗೆ ಮುಗಿಯುತ್ತದೆ, ತಪಾಸಣೆ ಮಳೆಗೆ ಮೊದಲೇ ಆಗುತ್ತದೆ. ಬೇರೆ ಕಚೇರಿ ಮೊದಲೇ ಕೇಳದಿದ್ದರೆ ಟ್ರೇಡ್ ಲೈಸೆನ್ಸ್ ಏಪ್ರಿಲ್‌ಗೆ ಬಿಡಿ, ಇಡೀ ವರ್ಷ ಸಿಗುತ್ತದೆ.

ಹಂತ 6: ಹಣ ಕಟ್ಟುವಾಗ

ಸರ್ಕಾರಿ ಶುಲ್ಕ ಕಟ್ಟುವ ಖಜಾನೆ-2 ಪೋರ್ಟಲ್‌ನ ಚಲನ್‌ನಲ್ಲಿ ಆಗುವ ತಪ್ಪುಗಳು ಎರಡು. ಇಲಾಖೆ ಅಥವಾ ಕಚೇರಿಯ ಆಯ್ಕೆ ತಪ್ಪಿದರೆ ಹಣ ಬೇರೆ ಲೆಕ್ಕಶೀರ್ಷಿಕೆಗೆ ಹೋಗುತ್ತದೆ, ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕು. ಇನ್ನೊಂದು, ಅರ್ಜಿ ಸಂಸ್ಥೆಯ ಹೆಸರಲ್ಲಿ, ಚಲನ್ ಅಣ್ಣನ ಹೆಸರಲ್ಲಿ. ಪಾನ್, ಕರಾರು, ಅರ್ಜಿ, ಚಲನ್ ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಮಾಲೀಕತ್ವವನ್ನೂ ಮೊದಲೇ ತೀರ್ಮಾನಿಸಿ. ನಂತರ ತಮ್ಮನನ್ನು ಪಾಲುದಾರನಾಗಿ ಸೇರಿಸಿದರೆ ಔಷಧ ಲೈಸೆನ್ಸ್ ಮೂರು ತಿಂಗಳಷ್ಟೇ ನಡೆಯುತ್ತದೆ, ಅಷ್ಟರೊಳಗೆ ಹೊಸದನ್ನು ಶುಲ್ಕ ಕಟ್ಟಿ ಮಾಡಿಸಬೇಕು.

ಏಜೆಂಟರ ಮೂಲಕ ಮಾಡಿಸುವವರು ಸರ್ಕಾರಿ ಶುಲ್ಕ ಎಷ್ಟು, ಅವರ ದುಡಿಮೆಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಸರ್ಕಾರಿ ಶುಲ್ಕವನ್ನು ನಿಮ್ಮ ಖಾತೆಯಿಂದಲೇ ಕಟ್ಟಿ. ಲಾಗಿನ್, ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರಿಗೇ ಇರಲಿ. ಸಕಾಲದಡಿ ಬರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ತಪ್ಪದೆ ಪಡೆಯಿರಿ, ಗಡುವು ಮೀರಿದರೆ ಮೇಲ್ಮನವಿಗೆ ಅದೇ ಆಧಾರ.

ಹಂತ 7: ಐದು ವರ್ಷದ ಪುಸ್ತಕ

ಒಂದು ಉದ್ದ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ: ಒಂದೇ ಸಲದ್ದು, ವರ್ಷಕ್ಕೊಮ್ಮೆಯದು, ಐದು ವರ್ಷಕ್ಕೊಮ್ಮೆಯದು. ಕೊನೆಯ ಕಾಲಂ ಮೊತ್ತವನ್ನು ಐದರಿಂದ ಭಾಗಿಸಿ, ಪ್ರತಿ ಏಪ್ರಿಲ್‌ನಲ್ಲಿ ಅಷ್ಟನ್ನು ಬೇರೆ ಆರ್‌ಡಿಗೆ ಹಾಕಿ. ಔಷಧ ಲೈಸೆನ್ಸ್‌ಗೆ ವರ್ಷಕ್ಕೆ ₹600, ಒಂದೇ ಬಗೆಯ ಸ್ಕ್ಯಾನಿಂಗ್ ಕೇಂದ್ರದ ನವೀಕರಣಕ್ಕೆ ₹2,500, ಕೆಪಿಎಂಇಗೆ ನಿಮ್ಮ ವರ್ಗದ ಐದನೇ ಒಂದು ಭಾಗ. ಒಟ್ಟು ಅಂದಾಜಿನ ಮೇಲೆ ಶೇ 15ರಷ್ಟು ಹೆಚ್ಚು ಹಿಡಿಯಿರಿ. ನೋಟರಿ, ನಕ್ಷೆ ಬರೆಸುವುದು, ಬೆಂಕಿ ಆರಿಸುವ ಸಿಲಿಂಡರ್ ಮರುಭರ್ತಿ, ಶಿವಮೊಗ್ಗಕ್ಕೆ ಓಡಾಟ ಇವೆಲ್ಲ ಅದರಲ್ಲೇ ಕರಗುತ್ತವೆ.

ಪುಸ್ತಕದ ಮೊದಲ ಪುಟದಲ್ಲಿ ದಿನಾಂಕಗಳು ಇರಲಿ: ಮಾರ್ಚ್ 31 ಟ್ರೇಡ್ ಲೈಸೆನ್ಸ್, ಏಪ್ರಿಲ್ 30 ವೃತ್ತಿ ತೆರಿಗೆ, ಜೂನ್ 30 ತ್ಯಾಜ್ಯದ ವಾರ್ಷಿಕ ವರದಿ, ಸ್ಕ್ಯಾನಿಂಗ್ ಇದ್ದರೆ ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ವರದಿ. ಪಿಸಿಪಿಎನ್‌ಡಿಟಿ ನವೀಕರಣದ ಅರ್ಜಿ ಅವಧಿ ಮುಗಿಯುವ 30 ದಿನ ಮೊದಲೇ ಕಚೇರಿಯಲ್ಲಿರಬೇಕು. ಹಾಗಾಗಿ ಆ ದಿನಾಂಕವನ್ನು ಎರಡು ತಿಂಗಳು ಹಿಂದಕ್ಕೆ ಬರೆದಿಡಿ.