ಚಿಪ್‌ಬೋರ್ಡ್ ನೆಲ ಸಮ ಮಾಡಿದ್ದು: ಮೂಡಿಗೆರೆ ಕಡೆಯ ನನ್ನ ಅನುಭವ

ನಮ್ಮ ಮನೆ ಮೂಡಿಗೆರೆ ಕಡೆ. ಮಹಡಿಯ ಕೋಣೆಯೊಂದರಲ್ಲಿ ಮರದ ತೊಲೆಗಳ ಮೇಲೆ 18 ಮಿ.ಮೀ. ಚಿಪ್‌ಬೋರ್ಡ್ ಹಾಸಿತ್ತು. ಅದರ ಮೇಲೆ ಲ್ಯಾಮಿನೇಟ್ ಹಲಗೆಗಳ ನೆಲಹಾಸು ಹಾಕಿಸಬೇಕು ಅಂತ ವಿಚಾರಿಸಿದಾಗ ಸುಮಾರು ಜನ ಹೇಳಿದ್ದು ಒಂದೇ ಮಾತು. "ಲ್ಯಾಮಿನೇಟ್ ಕೆಳಗೆ ಫೋಮ್ ಬರುತ್ತಲ್ಲ, ಏರುಪೇರೆಲ್ಲ ಅದರಲ್ಲೇ ಮುಚ್ಚಿಹೋಗುತ್ತೆ."

ಮುಚ್ಚಿಹೋಗಲ್ಲ. 2 ಮಿ.ಮೀ. ಫೋಮ್ ಸದ್ದು ಕಡಿಮೆ ಮಾಡುತ್ತೆ, ಸಣ್ಣ ಕಸಕಡ್ಡಿ ನುಂಗುತ್ತೆ, ಅಷ್ಟೆ. ಕೆಳಗೆ ತಗ್ಗಿದ್ದರೆ ಕಾಲಿಟ್ಟಾಗಲೆಲ್ಲ ಮೇಲಿನ ಹಲಗೆ ಬಾಗುತ್ತೆ. ಬಾಗಿ ಬಾಗಿ ಕೊನೆಗೆ, ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಅಂಚಿನ ಲಾಕ್ ಮುರಿಯುತ್ತೆ. ಫೋಮ್ ದಪ್ಪ ಮಾಡಿದರೆ ಇನ್ನೂ ಬೇಗ ಮುರಿಯುತ್ತೆ. ಹಾಗಾಗಿ ಕೆಳಗಿನ ನೆಲವನ್ನೇ ಸರಿ ಮಾಡೋಣ ಅಂತ ಆಚಾರ್ರನ್ನು ಜೊತೆಗಿಟ್ಟುಕೊಂಡು ಕೆಲಸಕ್ಕೆ ಇಳಿದೆ.

ನಮ್ಮ ಮಲೆನಾಡಿನಲ್ಲಿ ಈ ಕೆಲಸ ಶುರುವಾಗಬೇಕಾದ್ದು ನೆಲದಿಂದ ಅಲ್ಲ, ಚಾವಣಿಯಿಂದ. ಚಿಪ್‌ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ನೀರು ತಾಗಿದರೆ ಒಳಗಿನ ಚೂರುಗಳು ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತವೆ. ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಅದರಲ್ಲೂ ಕತ್ತರಿಸಿದ ಅಂಚು ಮೊದಲು ನೀರು ಕುಡಿಯುತ್ತೆ. ಎರಡು ಶೀಟು ಸೇರುವ ಕಡೆಯೆಲ್ಲ ಉದ್ದಕ್ಕೆ ದಿಣ್ಣೆ ಎದ್ದಿರುತ್ತಲ್ವಾ, ಕಾರಣ ಅದೇ. ಹೆಂಚಿನ ಸಂದಿನಿಂದ ಹನಿ ಬೀಳುತ್ತಿದ್ದರೆ, ಕಿಟಕಿಯಿಂದ ಎರಚಲು ಹೊಡೆಯುತ್ತಿದ್ದರೆ, ಅದನ್ನು ನಿಲ್ಲಿಸದೆ ನೆಲ ಮುಟ್ಟುವುದು ದಂಡ. ನಾವು ಹೆಂಚು ಕೈಯಾಡಿಸಿದ್ದೂ ಮಳೆ ಪೂರ್ತಿ ಬಿಟ್ಟ ಮೇಲೆ. ನೆಲದ ಕೆಲಸಕ್ಕೆ ಇಟ್ಟುಕೊಂಡದ್ದು ಜನವರಿ ಕಳೆದ ನಂತರ. ಪಿನ್ ಇರುವ ತೇವದ ಮೀಟರ್ ಒಂದನ್ನು ತಂದುಕೊಂಡು ಬೋರ್ಡಿಗೂ ತೊಲೆಗೂ ಚುಚ್ಚಿ ನೋಡಿದೆ. ಮರದ ನೆಲದಲ್ಲಿ ತೇವ ಶೇ. 12ಕ್ಕಿಂತ ಕೆಳಗಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಉತ್ತರ ಗೋಡೆಯ ಮೂಲೆ ಹಟ ಹಿಡಿದಿತ್ತು. ಕಿಟಕಿ ತೆಗೆದಿಟ್ಟು ಅದು ಇಳಿಯುವ ತನಕ ಕಾದೆವು.

ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಇಡೀ ನೆಲ ಕುಕ್ಕಿ ನೋಡಿದ್ದು. ಗಟ್ಟಿ ಬೋರ್ಡಿನಲ್ಲಿ ತುದಿ ಇಳಿಯುವುದಿಲ್ಲ. ಕಿಟಕಿ ಕೆಳಗೆ ಮಾತ್ರ ಸರಕ್ಕನೆ ಒಳಗೆ ಹೋಯಿತು, ಎಳೆದಾಗ ಪುಡಿ ಬಂತು. ಅಂಥ ಜಾಗಕ್ಕೆ ಪುಟ್ಟಿ ಬಳಿದು ಪ್ರಯೋಜನವಿಲ್ಲ, ಕತ್ತರಿಸಿ ತೆಗೆಯಲೇಬೇಕು. ಕೆಳಗೆ ವೈರಿಂಗ್ ಓಡಿದೆಯಾ ನೋಡಿ, ಮೇನ್ ಆಫ್ ಮಾಡಿ, ಗರಗಸದ ಬ್ಲೇಡನ್ನು ಬೋರ್ಡಿನ ದಪ್ಪಕ್ಕಷ್ಟೇ ಇಳಿಸಿಕೊಂಡು ಕೊಯ್ದೆವು. ತೊಲೆಯ ನಟ್ಟನಡುವೆ ಕೊಯ್ಯಬೇಕು. ಹಳೇ ತುಂಡು, ಹೊಸ ತುಂಡು ಎರಡಕ್ಕೂ ಕೂರಲು ಆಗ ಜಾಗ ಸಿಗುತ್ತೆ. ತೊಲೆ ಸಿಗದ ಅಂಚಿಗೆ ಕೆಳಗೆ ಅಡ್ಡಪಟ್ಟಿ ಕೊಡಬೇಕು. ತೆರೆದಿದ್ದೇ ಸಮಯ ಅಂತ ತೊಲೆಗೆ ಗೆದ್ದಲು ಹತ್ತಿದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿದೆವು.

ಹೊಸ ತುಂಡಿಗೆ ಐಎಸ್ 710 ಗುರುತಿನ, ಅಂದರೆ ಮರೈನ್ ದರ್ಜೆಯ ಪ್ಲೈವುಡ್ ತಂದೆ. ದುಡ್ಡು ಜಾಸ್ತಿ, ಆದರೆ ನೀರಿಗೆ ಸುಲಭದಲ್ಲಿ ಬಿಡುವುದಿಲ್ಲ. ಒಂದು ಮಾತು: ಅಂಗಡಿಯಲ್ಲಿ 18 ಅಂತ ಕೊಟ್ಟದ್ದನ್ನು ಅಳೆದು ನೋಡಿ. ಸ್ವಲ್ಪ ಕಡಿಮೆ ಇದ್ದರೆ ತೇಪೆ ಹಾಕಿದ ಜಾಗವೇ ಹೊಸ ತಗ್ಗಾಗುತ್ತೆ. ತೊಲೆಯ ಮೇಲೆ ತೆಳ್ಳನೆ ಪಟ್ಟಿ ಕೊಟ್ಟು ಅದನ್ನು ಸರಿದೂಗಿಸಬಹುದು.

ಕಿರ್ ಕಿರ್ ಸದ್ದು ಹೋಗಲಾಡಿಸುವುದು ಸುಲಭ, ತಾಳ್ಮೆ ಇದ್ದರೆ. ಬರಿಗಾಲಲ್ಲಿ ನಿಧಾನ ನಡೆದು, ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಹಳೇ ಮೊಳೆ ಸಡಿಲಾಗಿ ಬೋರ್ಡು ಮೇಲೆ ಕೆಳಗೆ ಆಡುವುದೇ ಈ ಸದ್ದು. 50 ಮಿ.ಮೀ. ಸ್ಕ್ರೂ, ಶೀಟಿನ ಅಂಚಿನಲ್ಲಿ 150 ಮಿ.ಮೀ.ಗೆ ಒಂದು, ನಡುವೆ 300 ಮಿ.ಮೀ.ಗೆ ಒಂದು. ಹಳೇ ಮನೆಯ ತೊಲೆ ಕಲ್ಲಿನಷ್ಟು ಗಟ್ಟಿ. ಸಣ್ಣ ಬಿಟ್‌ನಲ್ಲಿ ಮೊದಲೇ ತೂತು ಹೊಡೆಯದಿದ್ದರೆ ಸ್ಕ್ರೂ ತಲೆಯೇ ಕಿತ್ತು ಬರುತ್ತೆ. ಬೋರ್ಡಿಗೂ ತೊಲೆಗೂ ನಡುವೆ ಸಂದು ಇದ್ದರೆ ಸ್ಕ್ರೂ ಬಿಗಿದು ಬೋರ್ಡನ್ನು ಕೆಳಗೆಳೆಯಬಾರದು. ಸಂದಿಗೆ ಫೆವಿಕಾಲ್ ಸವರಿದ ಚಕ್ಕೆ ತೂರಿಸಿ ಆಮೇಲೆ ಬಿಗಿಯಬೇಕು.

ಈಗ ಮುಖ್ಯ ವಿಷಯ. ಎಲ್ಲರೂ ಮೊದಲು ರಸಮಟ್ಟ ತರುತ್ತಾರೆ. ನಮ್ಮ ಕೋಣೆ ಒಂದು ಕಡೆಗೆ ಇಳಿಜಾರಾಗಿದೆ, ಹಳೇ ಮನೆಯಲ್ಲಿ ಅದು ಇದ್ದದ್ದೇ. ಆ ಇಳಿಜಾರಿನಿಂದ ಲ್ಯಾಮಿನೇಟಿಗೆ ಏನೂ ತೊಂದರೆಯಿಲ್ಲ. ತೊಂದರೆ ಉಬ್ಬು-ತಗ್ಗಿನಿಂದ. ಅದನ್ನು ರಸಮಟ್ಟ ಹೇಳುವುದಿಲ್ಲ, ನೇರ ಪಟ್ಟಿ ಹೇಳುತ್ತೆ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಬಾಕ್ಸ್ ಪೈಪನ್ನು ನೆಲದ ಮೇಲಿಟ್ಟು, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಸರಿಸುತ್ತಾ ಹೋದೆವು. ಸಂಜೆ ಹೊತ್ತು ಪೈಪಿನ ಹಿಂದೆ ಟಾರ್ಚ್ ಇಟ್ಟರೆ, ತಗ್ಗಿರುವ ಕಡೆ ಅಡಿಯಿಂದ ಬೆಳಕಿನ ಗೆರೆ ಕಾಣುತ್ತೆ. ಆ ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಮುಚ್ಚಿತು ಅಂತ ನೋಡಿದರೆ ನೆಲದ ಜಾತಕವೇ ಸಿಕ್ಕಿತು. 3 ಮಿ.ಮೀ. ಡ್ರಿಲ್ ಬಿಟ್ ಆ ಸಂದಿಗೆ ನುಸುಳಿದರೆ ಅಲ್ಲಿ ಕೆಲಸ ಇದೆ ಅಂತ ಅರ್ಥ. ಉಬ್ಬಿಗೆ ಉ, ತಗ್ಗಿಗೆ ತ ಅಂತ ಬೋರ್ಡಿನ ಮೇಲೇ ಬರೆದೆ.

ಉಬ್ಬು ಮೊದಲು. ಅದು ಇಳಿದರೆ ಪಕ್ಕದ ಎಷ್ಟೋ ತಗ್ಗು ತಾನೇ ಮಾಯ. ಸ್ಕ್ರೂ ತಲೆಗಳನ್ನು ಇನ್ನಷ್ಟು ಒಳಗಿಳಿಸಿ, ಬೆಲ್ಟ್ ಸ್ಯಾಂಡರಿಗೆ 40 ನಂಬರ್ ಪೇಪರ್ ಹಾಕಿ ಜೋಡಣೆಯ ದಿಣ್ಣೆಗಳನ್ನು ಉಜ್ಜಿದೆವು. ಪ್ಲೇನರ್ ಕೂಡ ಆಗುತ್ತೆ, ಆದರೆ ಬೋರ್ಡಿನ ಅಂಟು ಬ್ಲೇಡಿನ ಮೊನೆಯನ್ನು ಬೇಗ ತಿಂದುಹಾಕುತ್ತೆ. ಈ ಧೂಳು ಬರೀ ಮರದ್ದಲ್ಲ, ಫಾರ್ಮಾಲ್ಡಿಹೈಡ್ ಅಂಟಿನದ್ದೂ ಹೌದು. ಟವೆಲ್ ಸುತ್ತಿಕೊಂಡರೆ ಸಾಲದು, ಒಳ್ಳೆ ಮಾಸ್ಕ್ ಬೇಕೇ ಬೇಕು. ಉಜ್ಜಿದ ಕಡೆ ನುಣುಪಾದ ಮೇಲ್ಪದರ ಹೋಗಿ ಒಳಗಿನ ಒರಟು ಚೂರು ತೆರೆದುಕೊಳ್ಳುತ್ತೆ. ಅದಕ್ಕೆ ಎರಡು ಕೈ ವುಡ್ ಸೀಲರ್ ಕೊಟ್ಟೆವು.

ತಗ್ಗಿಗೆ ವಾಲ್ ಪುಟ್ಟಿ, ಬಿಳಿ ಸಿಮೆಂಟ್ ಬೇಡವೇ ಬೇಡ. ಮರದ ನೆಲ ಆಡುತ್ತೆ, ಅವು ಬಿರಿದು ಪುಡಿಯಾಗುತ್ತವೆ. ಮರದ ನೆಲಕ್ಕೆಂದೇ ನಾರು ಬೆರೆಸಿದ ಲೆವೆಲಿಂಗ್ ಕಾಂಪೌಂಡ್ ಸಿಗುತ್ತೆ, ಅದಕ್ಕೆ ಮೊದಲು ಪ್ರೈಮರ್ ಹೊಡೆಯಲೇಬೇಕು. ಇಷ್ಟು ಕಷ್ಟಪಟ್ಟು ಒಣಗಿಸಿದ ಬೋರ್ಡಿನ ಮೇಲೆ ನೀರು ಕಲಸಿದ್ದನ್ನು ಸುರಿಯಲು ನನಗೆ ಮನಸ್ಸಾಗಲಿಲ್ಲ. ಒಣ ದಾರಿ ಹಿಡಿದೆ. ಟಾರ್ ಫೆಲ್ಟ್ ಅಂತ ಡಾಂಬರು ಹೀರಿಸಿದ ಹಾಳೆ ಬರುತ್ತೆ, ಅದನ್ನು ಕತ್ತರಿಸಿ, ಆಳದ ನಡುವಿಗೆ ಚಿಕ್ಕ ತುಂಡು, ಅದರ ಮೇಲೆ ಅದಕ್ಕಿಂತ ದೊಡ್ಡದು, ಹೀಗೆ ಪೈಪ್ ಎಲ್ಲೂ ತೂಗಾಡದ ಹಾಗೆ ಮೇಲೆ ತಂದೆವು. ಮೇಲೆ 6 ಮಿ.ಮೀ. ಪ್ಲೈ. ಕೆಳಗಿನ ಜೋಡಣೆಯ ಮೇಲೆ ಮೇಲಿನ ಜೋಡಣೆ ಬರಬಾರದು. ಶೀಟುಗಳ ನಡುವೆ 2 ಮಿ.ಮೀ. ಬಿಡಬೇಕು.

"ಬಾಗಿಲು ನೋಡಿದ್ರಾ ಸರ್?" ಅಂತ ಆಚಾರ್ರು ಕೇಳಿದ್ದು ಆಗಲೇ. ಪ್ಲೈ 6, ಫೋಮ್ 2, ಲ್ಯಾಮಿನೇಟ್ 8, ಒಟ್ಟು 16 ಮಿ.ಮೀ. ನೆಲ ಮೇಲೇರುತ್ತೆ. ಬಾಗಿಲು ಕಳಚಿ ಅಡಿಯನ್ನು ಕೊಯ್ದು, ಕೊಯ್ದ ಅಂಚಿಗೆ ಬಣ್ಣ ಹಚ್ಚಿದೆವು. ಲ್ಯಾಮಿನೇಟ್ ಡಬ್ಬಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಟ್ಟು ಆಮೇಲೆ ಬಿಚ್ಚಿದ್ದು. ಗೋಡೆಯುದ್ದಕ್ಕೂ 10 ಮಿ.ಮೀ. ಜಾಗ ಬಿಟ್ಟು, ಕಿಟಕಿ ಕಡೆಯಿಂದ ಮೊದಲ ಸಾಲು ಜೋಡಿಸಿದೆವು.