ಹಿಮಶಿಖರಕ್ಕೆ ಮೊದಲು ಒಮ್ಮೆ ಹತ್ತಿ ಇಳಿಯುವುದು ಹೇಗೆ?

ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಕೊಡಚಾದ್ರಿಯನ್ನು ಓಡುತ್ತಾ ಹತ್ತುವವರೇ ಲಡಾಖಿನಲ್ಲಿ ಮೊದಲು ಹಾಸಿಗೆ ಹಿಡಿಯುತ್ತಾರೆ. ನಮ್ಮ ಜಿಲ್ಲೆಯ ತಂಡಗಳ ಜೊತೆ ಹೋದಾಗಲೆಲ್ಲ ಇದನ್ನೇ ಕಂಡಿದ್ದೇನೆ. ಸರ್ವಜ್ಞ ಪೀಠ ಇರುವ ಕೊಡಚಾದ್ರಿಯ ಎತ್ತರ 1,343 ಮೀಟರ್. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಇಲ್ಲಿ ಎಷ್ಟು ಗುಡ್ಡ ಸುತ್ತಿದರೂ ತೊಡೆ ಗಟ್ಟಿಯಾಗುತ್ತದೆಯೇ ಹೊರತು ತೆಳುಗಾಳಿ ರೂಢಿಯಾಗುವುದಿಲ್ಲ. ಅದಕ್ಕಾಗಿಯೇ ಶಿಖರದ ದಿನಕ್ಕೆ ಮೊದಲು ಒಂದು ದಿನ ಮೇಲೆ ಹತ್ತಿ, ಮಲಗುವುದಕ್ಕೆ ಕೆಳಗಿಳಿದು ಬರಬೇಕು. ಲಡಾಖಿನ 6,250 ಮೀಟರ್ ಎತ್ತರದ ಕಾಂಗ್ ಯಾತ್ಸೆ-2 ಶಿಖರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲ ಹಂತ ಲೇಹ್. ಸುಮಾರು 3,500 ಮೀಟರ್ ಎತ್ತರದ ಆ ಊರಿಗೆ ವಿಮಾನದಲ್ಲಿ ಇಳಿದ ಮೇಲೆ ಎರಡು ದಿನ ತಿನ್ನಿ, ಮಲಗಿ. ಮೂರನೆಯ ದಿನ ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ. ಬಂದ ಮರುದಿನವೇ ಟ್ಯಾಕ್ಸಿ ಹಿಡಿದು ಖರ್ದುಂಗ್ ಲಾ ಎಂಬ ಬೆಟ್ಟದ ಕಣಿವೆದಾರಿಗೆ ಹೋಗುವ ಚಟ ಬಿಡಿ. ಅಲ್ಲಿನ ಫಲಕ ಬಹುಕಾಲ 18,380 ಅಡಿ ಎಂದು ಸಾರುತ್ತಿದ್ದರೂ ಅಳೆದು ನೋಡಿದವರಿಗೆ ಸಿಕ್ಕಿದ್ದು 5,359 ಮೀಟರ್, ಅಂದರೆ ಸುಮಾರು 17,600 ಅಡಿ. ತಪ್ಪು ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಪ್ರವಾಸವನ್ನೇ ಕೆಡಿಸಿಕೊಂಡವರಿದ್ದಾರೆ.

ಎರಡನೆಯದು, ಶಿಖರದ ಬುಡದಲ್ಲಿ ಟೆಂಟು ಹಾಕುವ ಬೇಸ್ ಕ್ಯಾಂಪಿನವರೆಗಿನ ನಡಿಗೆ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಂದು ವಿಶ್ರಾಂತಿ ಬೇಕು. ಇಷ್ಟೇ.

ಮೂರನೆಯದು ಹತ್ತಿ ಇಳಿಯುವ ದಿನ. ಎಲ್ಲರೂ ಎಡವುವುದು ಇಲ್ಲೇ. ಬೇಸ್ ಕ್ಯಾಂಪ್ 5,000 ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿಂದ 400ರಿಂದ 500 ಮೀಟರ್ ಏರಿದರೆ ಸಾಕು, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಹಿಮ ಇನ್ನೂ ಗಟ್ಟಿಯಾಗಿರುವಾಗಲೇ ಹೊರಡಿ, ಮಧ್ಯಾಹ್ನದೊಳಗೆ ಟೆಂಟಿಗೆ ಮರಳಿ. ಬಿಸಿಲೇರಿದ ಹಿಮದಲ್ಲಿ ಕಾಲು ಮೊಳಕಾಲುದ್ದ ಹುಗಿಯುತ್ತದೆ, ನಮ್ಮ ಕೆಸರುಗದ್ದೆಯ ಹಾಗೆ.

ಹೆಜ್ಜೆ ಇಡುವ ಬಗೆಯನ್ನು ಹೊಸದಾಗಿಯೇ ಕಲಿಯಬೇಕು. ಮುಂದಿನ ಕಾಲನ್ನು ಮೇಲೆ ಊರಿ, ಆದರೆ ಅದರ ಮೇಲೆ ಭಾರ ಬಿಡಬೇಡಿ. ಹಿಂಗಾಲಿನ ಮಂಡಿಯನ್ನು ನೆಟ್ಟಗೆ ಮಾಡಿ ಮೈಭಾರವನ್ನೆಲ್ಲ ಅದರ ಮೂಳೆಗೆ ಒಪ್ಪಿಸಿ ಕ್ಷಣಕಾಲ ನಿಲ್ಲಿ. ಮಾಂಸಖಂಡಕ್ಕೆ ಆಗಲೇ ಬಿಡುವು ಸಿಗುವುದು. ಒಂದು ಉಸಿರು ಪೂರ್ತಿ ಎಳೆದು ಬಿಟ್ಟ ಮೇಲೆ ಮುಂದಿನ ಹೆಜ್ಜೆ. ಗಂಟೆಗೆ 150 ಮೀಟರ್ ಎತ್ತರ ಏರಿದರೆ ಧಾರಾಳವಾಯಿತು. ವೇಗ ಸರಿಯಿದೆಯೇ ಎಂದು ತಿಳಿಯಬೇಕಾದರೆ ಪಕ್ಕದವರಿಗೆ ಅಡಿಕೆ ಧಾರಣೆಯ ಬಗ್ಗೆ ಒಂದು ಉದ್ದನೆಯ ವಾಕ್ಯ ಹೇಳಿ. ನಡುವೆ ಉಸಿರು ಕಡಿದರೆ ನೀವು ಓಡುತ್ತಿದ್ದೀರಿ. ಹತ್ತು ನಿಮಿಷ ದಾಪುಗಾಲು ಹಾಕಿ ಐದು ನಿಮಿಷ ಕುಸಿದು ಕೂರುವುದು ನಮ್ಮವರ ಹಳೆಯ ಪದ್ಧತಿ. ಅದು ಅಲ್ಲಿ ನಡೆಯುವುದಿಲ್ಲ.

ಉದ್ದೇಶಿಸಿದ ಎತ್ತರ ಮುಟ್ಟಿದ ಕೂಡಲೇ ಹಿಂದಿರುಗಬೇಡಿ. ಅರ್ಧ ಗಂಟೆಯಿಂದ ಒಂದು ಗಂಟೆ ಅಲ್ಲೇ ಇರಿ. ಬೆಚ್ಚನೆಯ ಅಂಗಿ ತೊಟ್ಟು ನೀರು ಕುಡಿಯಿರಿ. ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಹಾಕುವ ಲೋಹದ ಮುಳ್ಳುಗಳು) ಕಟ್ಟಿ ಬಿಚ್ಚುವುದನ್ನು ಕೈಗವಸು ಹಾಕಿಕೊಂಡೇ ಅಭ್ಯಾಸ ಮಾಡಿ. ಶಿಖರದ ರಾತ್ರಿ ಕತ್ತಲಲ್ಲಿ ಮಾಡಬೇಕಾದ ಕೆಲಸ ಅದು. ಬಾಡಿಗೆಯ ಬೂಟಿಗೆ ಕ್ರ್ಯಾಂಪನ್ ಕೂರುವುದಿಲ್ಲ ಎಂಬುದು ನಮ್ಮ ತಂಡದ ಒಬ್ಬರಿಗೆ ಗೊತ್ತಾದದ್ದು ಶಿಖರದ ದಾರಿಯಲ್ಲಿ, ನಡುರಾತ್ರಿ ಎರಡು ಗಂಟೆಗೆ. ಕಪ್ಪು ಕನ್ನಡಕ ತೆಗೆಯಲೇಬೇಡಿ. ಬಸ್ ನಿಲ್ದಾಣದ ಮುಂದೆ ಸಿಗುವ ನೂರು ರೂಪಾಯಿಯದು ಹಿಮದ ಬೆಳಕಿಗೆ ಆಗದು. ಮೂಗಿನ ಹೊಳ್ಳೆ, ಗಲ್ಲದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ, ಹಿಮದಿಂದ ಬಿಸಿಲು ಕೆಳಗಿನಿಂದಲೂ ಬಡಿಯುತ್ತದೆ.

ಕರ್ಪೂರ ಮೂಸುವವರಿಗೊಂದು ಮಾತು: ಅದರಿಂದ ಮೂಗು ಬಿಟ್ಟಂತೆ ಅನಿಸುತ್ತದೆ, ಆಮ್ಲಜನಕ ಹೆಚ್ಚುವುದಿಲ್ಲ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತದೆ, ದುಡ್ಡು ದಂಡ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಣ್ಣನೆಯ ಬೆರಳಿನಲ್ಲಿ ತಪ್ಪು ತೋರಿಸುತ್ತದೆ, ಮೊದಲು ಕೈ ಉಜ್ಜಿಕೊಳ್ಳಿ. ಮೈ ಎತ್ತರಕ್ಕೆ ಬೇಗ ಒಗ್ಗಲು ಕೊಡುವ ಅಸಿಟಜೋಲಮೈಡ್ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಊರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧದ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ಇಳಿದು ಬಂದವರು ಟೆಂಟಿನೊಳಗೆ ಬೋರಲು ಬೀಳುತ್ತಾರೆ. ಬೇಡ. ಎದ್ದು ಕೂತು ಸೂಪು ಕುಡಿಯಿರಿ, ಹರಟೆ ಹೊಡೆಯಿರಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದ್ದರಿಂದ ನಾನು ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿ ಇಲ್ಲದೆ ಹೋಗುವುದೇ ಇಲ್ಲ. ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳಬೇಕಾದರೆ ಬೈದುಕೊಳ್ಳಬೇಡಿ. ಉಸಿರಾಟ ಹೆಚ್ಚಿದಾಗ ರಕ್ತ ಕ್ಷಾರೀಯವಾಗುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ಅದನ್ನು ಸರಿದೂಗಿಸುತ್ತಿವೆ. ಮೈ ಎತ್ತರಕ್ಕೆ ಒಗ್ಗುತ್ತಿರುವುದು ಹೀಗೆಯೇ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದೂ ಅಲ್ಲಿ ಸಾಮಾನ್ಯ. ಮದ್ಯ, ನಿದ್ದೆಮಾತ್ರೆ ಮಾತ್ರ ಮುಟ್ಟಬೇಡಿ.

ಬೆಳಿಗ್ಗೆ ಎದ್ದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಿರಿ. ತೂರಾಡಿದರೆ ಮಿದುಳಿನಲ್ಲಿ ಊತ ಬಂದಿರಬಹುದು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಇವೆರಡರಲ್ಲಿ ಯಾವುದು ಕಂಡರೂ, ರಾತ್ರಿಯಾಗಿದ್ದರೂ ಬೆಳಗಾಗಲಿ ಎಂದು ಕಾಯದೆ, ಒಬ್ಬರನ್ನೇ ಕಳಿಸದೆ, ಕೂಡಲೇ ಕೆಳಗಿಳಿಸಬೇಕು. ಬರೀ ತಲೆನೋವು ಉಳಿದಿದ್ದರೆ ಇನ್ನೊಂದು ದಿನ ಅದೇ ಕ್ಯಾಂಪಿನಲ್ಲಿ ಕಳೆಯಿರಿ. ಕುದುರೆಯವನಿಗೆ ಒಂದು ದಿನದ ಬಾಡಿಗೆ ಹೆಚ್ಚು ಕೊಡಬೇಕಾಗುತ್ತದೆ, ಅದನ್ನು ಹೊರಡುವಾಗಲೇ ತೆಗೆದಿಟ್ಟಿರಿ.